ಹೊರಪೆಟ್ಟಿಗೆಗೂ ಉಸಿರು ಬೇಕು

ಈ ಹೊತ್ತಿನ ಮಾತು ಎಸಿಯ ಬಗ್ಗೆ. ಎಸಿ ಎಂದ ಕೂಡಲೇ ಕೋಣೆಯ ಗೋಡೆಯ ಮೇಲಿನ ಬಿಳಿ ಪೆಟ್ಟಿಗೆ ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಅದರ ಜೋಡಿಯ ಬಗ್ಗೆ. ಮನೆಯ ಹೊರಗೆ ಕೂತು, ಬಿಸಿಲು, ಧೂಳು, ಮಳೆ ತಡೆದುಕೊಂಡು ದುಡಿಯುವ ಪೆಟ್ಟಿಗೆಯ ಬಗ್ಗೆ. ಮೆಕ್ಯಾನಿಕರು ಅದನ್ನು ಔಟ್‌ಡೋರ್ ಎನ್ನುತ್ತಾರೆ. ಈ ಮಾತಿನ ಮಟ್ಟಿಗೆ ನಾವು ಹೊರಪೆಟ್ಟಿಗೆ ಎನ್ನೋಣ. ನಮ್ಮ ಬೀದರ ನಗರದಿಂದ ಭಾಲ್ಕಿ, ಔರಾದ ಕಡೆಗೆ ಹೊರಟರೆ ನೌಬಾದ ಸಿಗುತ್ತದೆ. ಅಲ್ಲಿ ಹೊಸ ಬಡಾವಣೆಗಳು ಎದ್ದಿವೆ. ಮನೆಗೆ ಮನೆ ಹತ್ತಿಕೊಂಡಿದೆ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ದಾಟುವ ದಿನಗಳೂ ಇವೆ. ಒಂದು ಕಾಲಕ್ಕೆ ದೊಡ್ಡ ಕಚೇರಿಗಳಲ್ಲಿ ಮಾತ್ರ ಕಾಣುತ್ತಿದ್ದ ಎಸಿ, ಈಗ ನೌಕರಿ ಮಾಡುವವರ ಮನೆಗೂ ಕಂತಿನ ಮೇಲೆ ಬಂದಿದೆ. ಕೊಳ್ಳುವಾಗ ಎಷ್ಟು ಟನ್, ಎಷ್ಟು ಸ್ಟಾರ್, ಯಾವ ಕಂಪನಿ ಎಂದು ನಾಲ್ಕು ಅಂಗಡಿ ತಿರುಗುತ್ತೇವೆ. ಹೊರಪೆಟ್ಟಿಗೆ ಎಲ್ಲಿ ಕೂರಬೇಕು ಎಂಬುದನ್ನು ಮಾತ್ರ ಫಿಟಿಂಗ್‌ಗೆ ಬಂದವರಿಗೆ ಬಿಡುತ್ತೇವೆ. ಐದು ನಿಮಿಷದಲ್ಲಿ ಜಾಗ ಗೊತ್ತಾಗುತ್ತದೆ. ಡ್ರಿಲ್ ಸದ್ದು ಶುರುವಾಗುತ್ತದೆ. ಆ ಐದು ನಿಮಿಷದ ತೀರ್ಮಾನದ ಮೇಲೆಯೇ ಮುಂದಿನ ಹತ್ತು ವರ್ಷದ ತಂಪು ನಿಂತಿದೆ. ಬಿಲ್ಲು ನಿಂತಿದೆ. ನೆರೆಯವರ ಜೊತೆಗಿನ ಸೌಹಾರ್ದವೂ ನಿಂತಿದೆ. ಹೊರಪೆಟ್ಟಿಗೆಗೆ ಮೊದಲು ಬೇಕಾದದ್ದು ಉಸಿರಾಡುವ ಜಾಗ. ಉಳಿದದ್ದೆಲ್ಲ ಆಮೇಲೆ. ಇದು ನನ್ನ ವಾದ. ಇದನ್ನು ಲೆಕ್ಕ ಹಾಕಿ ತೋರಿಸುತ್ತೇನೆ.

ಮೊದಲು ಎಸಿ ಮಾಡುವ ಕೆಲಸವನ್ನು ತಿಳಿದುಕೊಳ್ಳೋಣ. ಎಸಿ ತಂಪನ್ನು ತಯಾರಿಸುವುದಿಲ್ಲ. ಅದು ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಬಾವಿಯಿಂದ ನೀರು ಸೇದುವುದನ್ನು ನೆನೆಯಿರಿ. ಕೊಡ ಕೆಳಗೆ ಇಳಿಯುತ್ತದೆ, ತುಂಬಿಕೊಂಡು ಮೇಲೆ ಬರುತ್ತದೆ, ಖಾಲಿಯಾಗಿ ಮತ್ತೆ ಇಳಿಯುತ್ತದೆ. ಎಸಿಯಲ್ಲಿ ಕೊಡದ ಕೆಲಸ ಮಾಡುವುದು ಗ್ಯಾಸ್. ಕೋಣೆಯೊಳಗೆ ಅದು ಬಿಸಿಯನ್ನು ತುಂಬಿಕೊಳ್ಳುತ್ತದೆ. ತಾಮ್ರದ ಪೈಪಿನಲ್ಲಿ ಹರಿದು ಹೊರಪೆಟ್ಟಿಗೆಗೆ ಬರುತ್ತದೆ. ಅಲ್ಲಿ ಕಂಪ್ರೆಸರ್ ಅದನ್ನು ಒತ್ತುತ್ತದೆ. ಒತ್ತಿದಾಗ ಗ್ಯಾಸಿನ ಬಿಸಿ ಹೊರಗಿನ ಗಾಳಿಯ ಬಿಸಿಗಿಂತ ಮೇಲೇರುತ್ತದೆ. ಹಾಗೆ ಏರಿದರೆ ಮಾತ್ರ ಅದು ತನ್ನ ಬಿಸಿಯನ್ನು ಗಾಳಿಗೆ ಕೊಡಲು ಸಾಧ್ಯ. ಈಗ ಅಂಕಿಗಳನ್ನು ನೋಡೋಣ. ಟನ್ ಎಂಬ ಮಾತು ಮಂಜುಗಡ್ಡೆಯ ಕಾಲದ್ದು. ಒಂದು ಟನ್ ಮಂಜು ಒಂದು ದಿನದಲ್ಲಿ ಕರಗುವಾಗ ಹೀರುವಷ್ಟು ಬಿಸಿ ಎಂದು ಅದರ ಅರ್ಥ. ಅದು ಸುಮಾರು ಮೂರೂವರೆ ಕಿಲೋವಾಟ್. ಹಾಗಾದರೆ ಒಂದೂವರೆ ಟನ್ನಿನ ಎಸಿ ಪೂರ್ಣ ದುಡಿಯುವಾಗ ಕೋಣೆಯಿಂದ ಸುಮಾರು 5 ಕಿಲೋವಾಟ್ ಬಿಸಿಯನ್ನು ತೆಗೆಯುತ್ತದೆ. ಅದಕ್ಕಾಗಿ ತಾನು ಸುಮಾರು ಒಂದೂವರೆ ಕಿಲೋವಾಟ್ ಕರೆಂಟು ತಿನ್ನುತ್ತದೆ. ಆ ಕರೆಂಟೂ ಕೊನೆಗೆ ಬಿಸಿಯೇ ಆಗುತ್ತದೆ. ಎರಡನ್ನೂ ಕೂಡಿಸಿ. ಹೊರಪೆಟ್ಟಿಗೆ ಆರೂವರೆ ಕಿಲೋವಾಟ್ ಬಿಸಿಯನ್ನು ಹೊರಗೆ ಚೆಲ್ಲಬೇಕು. ಸಾವಿರ ವಾಟಿನ ಆರೇಳು ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಕಾಯಿಸಿ ಇಟ್ಟಷ್ಟು ಬಿಸಿ ಅದು. ಈ ಬಿಸಿ ಎಲ್ಲಿಗೆ ಹೋಗಬೇಕು? ಗಾಳಿಗೆ ಮಾತ್ರ. ಬೇರೆ ದಾರಿಯಿಲ್ಲ.

ಈವರೆಗೆ ಹೇಳಿದ್ದು ಇಷ್ಟು. ಒಳಗಿನ ಬಿಸಿ ಮತ್ತು ಕರೆಂಟಿನ ಬಿಸಿ, ಎರಡೂ ಹೊರಪೆಟ್ಟಿಗೆಯಿಂದಲೇ ಹೊರಬೀಳಬೇಕು. ಈಗ ಗಾಳಿಯ ಲೆಕ್ಕಕ್ಕೆ ಬರೋಣ. ಹೊರಪೆಟ್ಟಿಗೆಯ ಬೆನ್ನಿನ ಕಡೆ, ಒಂದು ಬದಿಯ ಕಡೆ, ತೆಳ್ಳನೆಯ ಅಲ್ಯುಮಿನಿಯಂ ಎಲೆಗಳ ಸಾಲು ಇರುತ್ತದೆ. ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ಇರುತ್ತದೆ. ಮುಂದುಗಡೆ ದೊಡ್ಡ ಫ್ಯಾನು. ಗಾಳಿ ಬೆನ್ನಿನಿಂದ ಒಳಗೆ ಬಂದು, ಬಿಸಿ ಹೊತ್ತು, ಮುಂದಿನಿಂದ ಹೊರಗೆ ಹೋಗುತ್ತದೆ. ಗಂಟೆಗೆ ಸುಮಾರು 2000 ಘನ ಮೀಟರ್ ಗಾಳಿ ಹೀಗೆ ಸಾಗುತ್ತದೆ. ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಐವತ್ತು ಕೋಣೆಗಳಲ್ಲಿ ತುಂಬುವಷ್ಟು ಗಾಳಿ. ಪೂರ್ಣ ದುಡಿಯುವಾಗ ಅದು ಒಳಗೆ ಬಂದದ್ದಕ್ಕಿಂತ ಸುಮಾರು 10 ಡಿಗ್ರಿ ಹೆಚ್ಚು ಬಿಸಿಯಾಗಿ ಹೊರಬೀಳುತ್ತದೆ. ಹೊರಗೆ 42 ಇದ್ದರೆ ಫ್ಯಾನಿನಿಂದ ಬರುವುದು 52. ಹೀಗೆ ಹೊರಬಿದ್ದ ಗಾಳಿ ಎದುರಿನ ಗೋಡೆಗೆ ಬಡಿದು ವಾಪಸು ಬಂದರೆ ಏನಾಗುತ್ತದೆ? ಯಂತ್ರ ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಆಗ ಅದಕ್ಕೆ 42ರ ಗಾಳಿ ಸಿಗುವುದಿಲ್ಲ. 47ರದು ಸಿಗುತ್ತದೆ. ಗ್ಯಾಸನ್ನು ಇನ್ನಷ್ಟು ಒತ್ತಬೇಕಾಗುತ್ತದೆ. ಹೊರಗಾಳಿಯ ಬಿಸಿ ಒಂದೊಂದು ಡಿಗ್ರಿ ಏರಿದಂತೆ ಖರ್ಚು ನೂರಕ್ಕೆ ಸುಮಾರು ಎರಡು ಮೂರರಂತೆ ಏರುತ್ತದೆ. ಐದು ಡಿಗ್ರಿ ಏರಿದರೆ ನೂರಕ್ಕೆ ಹತ್ತರಿಂದ ಹದಿನೈದು. ಇನ್ನೊಂದು ಮಾತು. ಡಬ್ಬಿಯ ಮೇಲೆ ಬರೆದ ಟನ್ನಿನ ಅಳತೆ ಹೊರಗೆ 35 ಡಿಗ್ರಿ ಇದ್ದಾಗಿನದು. ನಮ್ಮ ಮೇ ತಿಂಗಳ ಮಧ್ಯಾಹ್ನ ಅದನ್ನು ಎಂದೋ ದಾಟಿರುತ್ತದೆ. ಯಂತ್ರ ಮೊದಲೇ ಏರು ಹತ್ತುತ್ತಿದೆ. ಅದರ ಬೆನ್ನ ಮೇಲೆ ನಾವು ಇನ್ನೊಂದು ಮೂಟೆ ಹೇರಬಾರದು.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಬಿಸಿಲಿನ ಮಾತನ್ನೇ ಬಿಟ್ಟಿರಲ್ಲ ಎಂದು ಹಲವರು ಕೇಳುತ್ತಾರೆ. ಹೊರಪೆಟ್ಟಿಗೆ ಬಿಸಿಲಲ್ಲಿ ಕಾದರೆ ಹಾಳಲ್ಲವೇ, ಅದನ್ನು ನೆರಳಿನ ಮೂಲೆಗೆ ಸೇರಿಸುವುದೇ ಮೊದಲ ಕೆಲಸವಲ್ಲವೇ, ಎಂದು. ಈ ಪ್ರಶ್ನೆ ಸಹಜ. ಬಿಸಿಲಿನ ನಾಡಿನವರು ಮೊದಲು ನೆರಳನ್ನೇ ಹುಡುಕುತ್ತಾರೆ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಹೊರಪೆಟ್ಟಿಗೆಯ ಮೈ ಚಿಕ್ಕದು, ಬಣ್ಣ ತಿಳಿ. ಬಿಸಿಲಿಗೆ ಒಡ್ಡಿದ ಭಾಗ ಅರ್ಧ ಚದರ ಮೀಟರಿನ ಆಸುಪಾಸು. ನಡುಮಧ್ಯಾಹ್ನದ ಸೂರ್ಯ ಅದಕ್ಕೆ ಕೊಡುವ ಬಿಸಿ ಒಂದಿನ್ನೂರು ವಾಟ್. ಅದು ಹೊರಚೆಲ್ಲುವ ಬಿಸಿ ಆರೂವರೆ ಸಾವಿರ ವಾಟ್. ಒಂದು ಕೊಡ ನೀರಿನಲ್ಲಿ ಒಂದು ಸಣ್ಣ ಲೋಟದಷ್ಟು. ಅಮೆರಿಕದ ಫ್ಲಾರಿಡಾ ರಾಜ್ಯದ ಸೌರಶಕ್ತಿ ಕೇಂದ್ರದವರು 1990ರ ದಶಕದಲ್ಲಿ ಇದನ್ನು ಮನೆಗಳಲ್ಲಿಯೇ ಅಳೆದು ನೋಡಿದರು. ಹೊರಪೆಟ್ಟಿಗೆಗೆ ನೆರಳು ಮಾಡಿದ್ದರಿಂದ ಸಿಕ್ಕ ಉಳಿತಾಯ ನೂರಕ್ಕೆ ಮೂರನ್ನೂ ಮುಟ್ಟಲಿಲ್ಲ. ಈಗ ಎರಡನ್ನೂ ತೂಗಿ ನೋಡಿ. ನೆರಳಿನಿಂದ ಸಿಗುವುದು ನೂರಕ್ಕೆ ಎರಡು ಮೂರು. ಗಾಳಿ ಕಟ್ಟಿದರೆ ಕಳೆಯುವುದು ನೂರಕ್ಕೆ ಹತ್ತು ಹದಿನೈದು. ನೆರಳು ಬೇಡವೆಂದು ನಾನು ಹೇಳುವುದಿಲ್ಲ. ಪ್ಲಾಸ್ಟಿಕ್ ಭಾಗಗಳು, ಪೈಪಿನ ಮೇಲಿನ ಕಪ್ಪು ಸ್ಪಂಜು ಬಿಸಿಲಿಗೆ ಬೇಗ ಒಡೆಯುತ್ತವೆ. ಅವಕ್ಕೆ ನೆರಳು ಒಳ್ಳೆಯದು. ಗಾಳಿಯೂ ಇರುವ ನೆರಳು ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ಗಾಳಿಯನ್ನು ಆರಿಸಿ. ನೆರಳು ಮಾಡುವ ಹಣವಿದ್ದರೆ ಕೋಣೆಯ ಪಡುವಣ ಗೋಡೆಗೆ ಮಾಡಿ, ಮಾಳಿಗೆಗೆ ಸುಣ್ಣ ಬಳಿಯಿರಿ. ಅಲ್ಲಿ ಒಂದು ರೂಪಾಯಿಗೆ ಹೆಚ್ಚು ಫಲವಿದೆ. ಕೋಣೆಗೆ ಬಿಸಿಯೇ ಬಾರದಿದ್ದರೆ ಹೊರಪೆಟ್ಟಿಗೆಗೆ ಹೊರುವ ಕೆಲಸವೇ ಕಡಿಮೆ.

ನೆರಳಿಗಿಂತ ಗಾಳಿ ದೊಡ್ಡದು ಎಂಬಲ್ಲಿಗೆ ಬಂದೆವು. ಹಾಗಾದರೆ ಗಾಳಿ ಎಲ್ಲಿ ಕಟ್ಟುತ್ತದೆ? ನಾಲ್ಕು ಜಾಗಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು, ಎರಡು ಮನೆಗಳ ನಡುವಿನ ಸಂದು. ಎರಡು ಮೂರು ಅಡಿ ಅಗಲ, ಎರಡು ಅಂತಸ್ತು ಎತ್ತರ. ಅಲ್ಲಿ ಫ್ಯಾನಿನ ಮುಖಕ್ಕೆ ಗೋಡೆಯೇ ಎದುರು. ಬಿಸಿಗಾಳಿ ಮೇಲೇರಲೂ ಆಗದೆ, ಪಕ್ಕಕ್ಕೆ ಹರಿಯಲೂ ಆಗದೆ ಅಲ್ಲೇ ಸುತ್ತುತ್ತದೆ. ಎರಡು, ಗಾಜು ಹಾಕಿ ಮುಚ್ಚಿದ ಬಾಲ್ಕನಿ. ಅದು ಬಾಲ್ಕನಿಯಾಗಿ ಉಳಿಯುವುದಿಲ್ಲ, ಒಲೆಯ ಮನೆಯಾಗುತ್ತದೆ. ಮೂರು, ಚಂದ ಕಾಣಲೆಂದು ಮುಂದೆ ಹಾಕಿದ ಅಡ್ಡಪಟ್ಟಿಯ ಜಾಲಿ. ಪಟ್ಟಿಗಳು ಕೆಳಮುಖವಾಗಿ ಒತ್ತೊತ್ತಾಗಿದ್ದರೆ ಫ್ಯಾನು ಹೊರಹಾಕಿದ ಗಾಳಿ ಪಟ್ಟಿಗೆ ಬಡಿದು ಬೆನ್ನಿಗೆ ತಿರುಗುತ್ತದೆ. ಕಳ್ಳರ ಭಯ, ಮಂಗಗಳ ಕಾಟ ಇದ್ದರೆ ಅಗಲ ಸಂದಿನ ಕಬ್ಬಿಣದ ಸರಳು ಹಾಕಿ. ಸಣ್ಣ ಕಣ್ಣಿನ ಜಾಲರಿ ಬೇಡ. ನಾಲ್ಕು, ಒಂದರ ಮೇಲೊಂದು ಹೊರಪೆಟ್ಟಿಗೆ ಕೂರಿಸಿದ ಗೋಡೆ. ಜಾಗ ಸಾಲದಿದ್ದರೆ ಕೆಳಗಿನದರ ಬಿಸಿ ಮೇಲಿನದರ ಊಟವಾಗುತ್ತದೆ. ಎಷ್ಟು ಬಿಡಬೇಕು? ಅಂದಾಜಿಗೆ ಹೀಗೆ ನೆನಪಿಡಿ. ಬೆನ್ನಿಗೆ ಒಂದು ಅಡಿ. ಪೈಪು ಕೂಡುವ ಬದಿಗೆ ಎರಡು ಅಡಿ. ತಲೆಯ ಮೇಲೆ ಎರಡು ಅಡಿ. ಫ್ಯಾನಿನ ಮುಂದೆ ಕನಿಷ್ಠ ಮೂರು ಅಡಿ, ಸಾಧ್ಯವಾದರೆ ಬರೀ ಬಯಲು. ಕಂಪನಿಯ ಪುಸ್ತಿಕೆಯಲ್ಲಿ ಇದರ ಚಿತ್ರವಿರುತ್ತದೆ. ಅದರಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ನಂಬಿ. ಮಾಳಿಗೆಯ ಮೇಲೆ ಇಡುವವರು ಒಂದು ವಿಷಯ ಗಮನಿಸಬೇಕು. ಮಧ್ಯಾಹ್ನದ ಸ್ಲ್ಯಾಬಿನ ಮೇಲೆ ಬರಿಗಾಲು ಇಡಲಾಗದು. ಅದರ ಮೈಗೆ ಹತ್ತಿದ ಗಾಳಿಯೂ ಅಷ್ಟೇ ಕಾದಿರುತ್ತದೆ. ಅಡಿಯೆತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲಿಟ್ಟರೆ ಆ ಕಾದ ಪದರದಿಂದ ಯಂತ್ರ ಮೇಲಕ್ಕೆ ಬರುತ್ತದೆ.

ಈಗ ಎರಡನೆಯ ಆಕ್ಷೇಪ. ನಿವೇಶನವೇ ಮೂವತ್ತು ನಲವತ್ತು ಅಡಿ, ಇಂಚು ಇಂಚಿಗೂ ಬೆಲೆ ಇದೆ, ಬರೀ ಗಾಳಿಗಾಗಿ ಜಾಗ ಬಿಡಲು ಎಲ್ಲಿಂದ ತರೋಣ, ಎಂದು ಕೇಳುತ್ತಾರೆ. ಇದಕ್ಕೆ ಉತ್ತರವನ್ನು ನೌಬಾದವೇ 15ನೆಯ ಶತಮಾನದಿಂದ ನೆಲದಡಿ ಇಟ್ಟುಕೊಂಡಿದೆ. ಬಹಮನಿ ಸುಲ್ತಾನರ ಕಾಲದ ಕಾರೇಜು ಅದು, ಜನ ಸುರಂಗ ಬಾವಿ ಎನ್ನುವುದು. ಜಂಬಿಟ್ಟಿಗೆ ಕಲ್ಲನ್ನು ಕೊರೆದು, ನೆಲದಡಿ ಎರಡು ಕಿಲೋಮೀಟರಿಗೂ ಹೆಚ್ಚು ದೂರ ನೀರಿನ ದಾರಿ ಮಾಡಿದ್ದಾರೆ. ಅವರಿಗೆ ಬೇಕಾದದ್ದು ನೀರು. ಆದರೂ ಆ ದಾರಿಯುದ್ದಕ್ಕೂ ಮೇಲಿನಿಂದ ಕೆಳಗೆ ಇಳಿಯುವ 21 ಕಂಡಿಗಳನ್ನು ತೋಡಿದ್ದಾರೆ. ಕಲ್ಲಿನಲ್ಲಿ ಒಂದೊಂದು ಕಂಡಿ ತೋಡುವುದೂ ದೊಡ್ಡ ಶ್ರಮ. ನೀರು ಹರಿಯುವುದು ಕಂಡಿಯಲ್ಲಲ್ಲ. ಆದರೆ ಅಗೆದ ಮಣ್ಣು ಮೇಲೆ ಬಂದದ್ದು ಅದರಿಂದ. ಕೆಳಗೆ ದುಡಿಯುವವರಿಗೆ ಗಾಳಿ, ಬೆಳಕು ಸಿಕ್ಕಿದ್ದು ಅದರಿಂದ. ಮುಂದೆ ಹೂಳು ತೆಗೆಯಲು ಇಳಿದದ್ದೂ ಅದರಿಂದಲೇ. ಖಾಲಿ ಬಿಟ್ಟ ಜಾಗವೇ ತುಂಬಿದ ಜಾಗವನ್ನು ಬದುಕಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಹೊರಪೆಟ್ಟಿಗೆಯ ಸುತ್ತ ಬಿಡುವ ಎರಡು ಮೂರು ಅಡಿಯೂ ಅಂಥದ್ದೇ. ಅದು ವ್ಯರ್ಥವಲ್ಲ, ಯಂತ್ರದ ಒಂದು ಭಾಗ. ಇನ್ನು ಜಾಗ ನಿಜವಾಗಿಯೂ ಇಲ್ಲದಿದ್ದರೆ? ಪೈಪನ್ನು ಉದ್ದ ಮಾಡಿ. ಎಸಿಯ ಜೊತೆ ಸಾಮಾನ್ಯವಾಗಿ ಮೂರು ಮೀಟರ್ ಪೈಪು ಬರುತ್ತದೆ. ಅದಕ್ಕಿಂತ ಹೆಚ್ಚಿಗೆ ಮೀಟರಿನ ಲೆಕ್ಕದಲ್ಲಿ ಹಣ ಕೊಡಬೇಕು. ಆ ಹಣ ಉಳಿಸಲೆಂದೇ ಹೊರಪೆಟ್ಟಿಗೆ ಸಂದಿನೊಳಗೆ ಸೇರುತ್ತದೆ. ಪೈಪು ಉದ್ದವಾದಂತೆ ಯಂತ್ರದ ಬಲ ಸ್ವಲ್ಪ ಕುಗ್ಗುವುದು ನಿಜ. ಕಂಪನಿ ಹೇಳಿದ ಮಿತಿ ದಾಟಿದರೆ ಗ್ಯಾಸೂ ಸೇರಿಸಬೇಕು. ಆದರೂ ಮೂರು ನಾಲ್ಕು ಮೀಟರ್ ಹೆಚ್ಚಿಗೆ ಪೈಪು ಎಳೆದು ಮಾಳಿಗೆಯ ಬಯಲಿಗೆ ತಂದರೆ ಲಾಭವೇ ಹೆಚ್ಚು. ಪೈಪಿನ ಖರ್ಚು ಒಂದು ಸಲದ್ದು. ಉಸಿರು ಕಟ್ಟಿದ ಯಂತ್ರದ ಖರ್ಚು ಪ್ರತಿ ತಿಂಗಳದ್ದು.

ಗಾಳಿಗೆ ಜಾಗ ಬಿಡಬೇಕು, ಸಾಲದಿದ್ದರೆ ಪೈಪು ಉದ್ದ ಮಾಡಬೇಕು ಎಂದೆ. ಇನ್ನು ಕೈಗೆ ಬೇಕಾದ ಜಾಗ. ಹೊರಪೆಟ್ಟಿಗೆಯ ತೂಕ 25ರಿಂದ 40 ಕಿಲೋ. ಅದನ್ನು ಎರಡನೆಯ ಅಂತಸ್ತಿನ ಹೊರಗೋಡೆಗೆ ನೇತುಹಾಕುವ ಹುಡುಗರನ್ನು ಒಮ್ಮೆ ನೆನೆಯಿರಿ. ಒಂದು ಕಾಲು ಸಜ್ಜಾದ ಮೇಲೆ, ಒಂದು ಕೈ ಕಿಟಕಿಯ ಸರಳಿನ ಮೇಲೆ. ಸೊಂಟಕ್ಕೆ ಬೆಲ್ಟಿಲ್ಲ. ಅವರು ಒಂದು ಸಲ ಬಂದು ಹೋದರೆ ಮುಗಿಯಲಿಲ್ಲ. ತೊಳೆಯಲು ಬರಬೇಕು, ಗ್ಯಾಸ್ ನೋಡಲು ಬರಬೇಕು, ರಿಪೇರಿಗೆ ಬರಬೇಕು. ಕೈಗೆ ಸಿಗದ ಕಡೆ ಇಟ್ಟ ಹೊರಪೆಟ್ಟಿಗೆಯನ್ನು ಯಾರೂ ತೊಳೆಯುವುದಿಲ್ಲ. ನಮ್ಮದು ಧೂಳಿನ ಸೀಮೆ. ಬೀದರದ ಕೆಂಪು ಮಣ್ಣು, ಭಾಲ್ಕಿ ಔರಾದ ಕಡೆಯ ಕರಿ ಮಣ್ಣು, ಎರಡೂ ಬೇಸಿಗೆಯಲ್ಲಿ ಹಾರುತ್ತವೆ. ಬೆನ್ನಿನ ಆ ಅಲ್ಯುಮಿನಿಯಂ ಎಲೆಗಳ ಸಂದಿನಲ್ಲಿ ಕೂರುತ್ತವೆ. ಆಗ ಸುತ್ತ ಎಷ್ಟೇ ಬಯಲಿದ್ದರೂ ಮೂಗು ಕಟ್ಟಿದಂತೆಯೇ. ಯುಗಾದಿಗೆ ಮುಂಚೆ ಒಮ್ಮೆ, ಬೇಸಿಗೆಯ ನಡುವೆ ಒಮ್ಮೆ, ಕರೆಂಟು ತೆಗೆದು, ಮೆಲ್ಲಗಿನ ನೀರಿನ ಧಾರೆಯಿಂದ ತೊಳೆಸಬೇಕು. ಎಲೆಗಳು ಬಾಗದಂತೆ ನೋಡಿಕೊಳ್ಳಬೇಕು. ಗೋಡೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಹಳೆಯ ಗೋಡೆಗಳು ಜಂಬಿಟ್ಟಿಗೆಯವು. ಆ ಕಲ್ಲಿನ ತುಂಬ ತೂತುಗಳಿರುತ್ತವೆ. ಹಿಗ್ಗಿ ಹಿಡಿಯುವ ಬೋಲ್ಟಿಗೆ ಅದರಲ್ಲಿ ಗಟ್ಟಿ ಹಿಡಿತ ಸಿಗುವುದು ಕಷ್ಟ. ಯಂತ್ರ ನಡುಗಿದಂತೆ ತೂತು ಅಗಲವಾಗುತ್ತದೆ. ಅಂಥ ಮನೆಯಲ್ಲಿ ಕಾಂಕ್ರೀಟಿನ ಬೀಮಿಗೆ ಹಾಕಿಸಿ. ಅದಕ್ಕಿಂತ ಒಳ್ಳೆಯದು ನೆಲದ ಮೇಲೆ ಅಥವಾ ಮಾಳಿಗೆಯ ಮೇಲೆ, ನಾಲ್ಕು ರಬ್ಬರ್ ಬಿಲ್ಲೆಗಳ ಮೇಲೆ ಕೂರಿಸುವುದು. ಕೆಲಸದವನು ಎರಡೂ ಕಾಲೂರಿ ನಿಲ್ಲುವ ಜಾಗವೇ ಯಂತ್ರಕ್ಕೂ ಒಳ್ಳೆಯ ಜಾಗ. ಬೇರೆ ದಾರಿಯೇ ಇಲ್ಲದಿದ್ದರೆ ಬೆಲ್ಟಿಲ್ಲದೆ ಯಾರನ್ನೂ ಗೋಡೆಗೆ ಹತ್ತಿಸಬೇಡಿ. ಆ ಹುಡುಗನ ಮನೆಯಲ್ಲೂ ಕಾಯುವವರಿದ್ದಾರೆ.

ಗಾಳಿಗೆ ಜಾಗ, ಕೈಗೆ ಜಾಗ, ಎರಡು ಆಯಿತು. ಈಗ ಮೂರನೆಯದು. ಇದು ಮೇಲುನೋಟಕ್ಕೆ ತಿರುವುಮುರುವು ಅನ್ನಿಸಬಹುದು. ಹೊರಪೆಟ್ಟಿಗೆಯ ಹೊರಗೆ ಗಾಳಿ ಎಷ್ಟಿದ್ದರೂ ಸಾಲದು. ಅದರ ಪೈಪಿನ ಒಳಗೆ ಮಾತ್ರ ಗಾಳಿ ಒಂದಿಷ್ಟೂ ಇರಕೂಡದು. ಹೊಸ ಎಸಿ ಬಂದಾಗ ಗ್ಯಾಸೆಲ್ಲ ಹೊರಪೆಟ್ಟಿಗೆಯಲ್ಲಿ ಬಂದ್ ಆಗಿರುತ್ತದೆ. ಒಳಪೆಟ್ಟಿಗೆಯಲ್ಲಿ, ಹೊಸದಾಗಿ ಹಾಕಿದ ಪೈಪಿನಲ್ಲಿ ಬರೀ ಗಾಳಿ ಇರುತ್ತದೆ. ಗಾಳಿಯ ಜೊತೆ ತೇವವೂ ಇರುತ್ತದೆ. ಅದನ್ನು ಹಾಗೇ ಬಿಟ್ಟು ಗ್ಯಾಸ್ ತೆರೆದರೆ ಎರಡು ಕೇಡು. ಗ್ಯಾಸು ಒತ್ತಿದಾಗ ದ್ರವವಾಗುತ್ತದೆ, ಗಾಳಿ ಆಗುವುದಿಲ್ಲ. ಅದು ಸುಮ್ಮನೆ ಜಾಗ ಹಿಡಿದು ಒತ್ತಡವನ್ನು ಏರಿಸುತ್ತದೆ. ನಮ್ಮ ಬೇಸಿಗೆಯಲ್ಲಿ ಆ ಒತ್ತಡ ಮೊದಲೇ ಕಾರಿನ ಟೈರಿನದರ ಹತ್ತು ಹದಿನೈದು ಪಟ್ಟು ಇರುತ್ತದೆ. ಇನ್ನು ತೇವ ಕಂಪ್ರೆಸರಿನ ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಒಳಗಿಂದೊಳಗೇ ತಿನ್ನುತ್ತದೆ. ಇದಕ್ಕೆ ಮದ್ದು ವ್ಯಾಕ್ಯೂಮ್ ಪಂಪು. ಅದನ್ನು ಕೂಡಿಸಿ ಇಪ್ಪತ್ತು ಮೂವತ್ತು ನಿಮಿಷ ನಡೆಸಿದರೆ ಗಾಳಿ, ತೇವ ಎರಡೂ ಹೊರಗೆ. ಪಂಪು ನಿಲ್ಲಿಸಿ ಮುಳ್ಳು ನೋಡಬೇಕು. ಮುಳ್ಳು ನಿಂತಲ್ಲೇ ನಿಂತರೆ ಕೂಡಿಕೆ ಗಟ್ಟಿ. ಸರಿದರೆ ಎಲ್ಲೋ ಸೋರಿಕೆ. ಹಲವು ಕಡೆ ಈ ಅರ್ಧ ಗಂಟೆ ಉಳಿಸಲು, ಒಂದಿಷ್ಟು ಗ್ಯಾಸನ್ನೇ ಬಿಟ್ಟು ಅದರ ರಭಸಕ್ಕೆ ಗಾಳಿಯನ್ನು ಹೊರದಬ್ಬುತ್ತಾರೆ. ಅದು ತೇವವನ್ನು ತೆಗೆಯುವುದಿಲ್ಲ. ಗ್ಯಾಸು ನಷ್ಟ. ಊರಿಗೂ ನಷ್ಟ. ಈಗಿನ ಎಸಿಗಳಲ್ಲಿ ಹೆಚ್ಚಾಗಿ ಇರುವ ಆರ್-32 ಗ್ಯಾಸು, ಭೂಮಿಯನ್ನು ಕಾಯಿಸುವುದರಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 700 ಪಟ್ಟು ಬಲ್ಲಿದು. ಆದ್ದರಿಂದ ಫಿಟಿಂಗ್ ಮಾತಾಡುವಾಗಲೇ ಒಂದು ಪ್ರಶ್ನೆ ಕೇಳಿ. ತಮ್ಮಾ, ವ್ಯಾಕ್ಯೂಮ್ ಪಂಪು ತರುತ್ತೀಯಲ್ಲ? ತರುವೆನೆಂದರೆ ಅವನಿಗೆ ಆ ಅರ್ಧ ಗಂಟೆಯ ಕೂಲಿಯನ್ನೂ ಕೊಡಿ. ಅವಸರ ಹಲವು ಸಲ ಅವನದಲ್ಲ. ದಿನಕ್ಕೆ ಇಷ್ಟು ಮನೆ ಮುಗಿಸು ಎಂದು ಕಳಿಸಿದವರದು.

ಇಷ್ಟೆಲ್ಲ ಎಚ್ಚರ ಯಾಕೆ, ನೂರಕ್ಕೆ ಹತ್ತು ಹದಿನೈದು ತಾನೇ, ಹೋದರೆ ಹೋಗಲಿ, ಎನ್ನುವವರಿದ್ದಾರೆ. ಅವರಿಗೆ ಬಿಲ್ಲಿನ ಭಾಷೆಯಲ್ಲಿ ಉತ್ತರ ಕೊಡುತ್ತೇನೆ. ನಮಗೆ ಕರೆಂಟು ಕೊಡುವುದು ಜೆಸ್ಕಾಂ. 2023ರಿಂದ ರಾಜ್ಯದಲ್ಲಿ ಗೃಹಜ್ಯೋತಿ ಯೋಜನೆ ಇದೆ. ಪ್ರತಿ ಮನೆಗೆ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದು ಉಚಿತ ಮಿತಿ ಇರುತ್ತದೆ. ಅದನ್ನು ಮೀರಿದ ಯೂನಿಟ್ಟಿಗೆ ಹಣ ಕಟ್ಟಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಮನೆಯವರದೇ. ಈಗ ಒಂದು ಲೆಕ್ಕ ಹಾಕಿ. ರಾತ್ರಿ ಎಂಟು ಗಂಟೆ ನಡೆಯುವ ಒಂದೂವರೆ ಟನ್ನಿನ ಇನ್ವರ್ಟರ್ ಎಸಿ ದಿನಕ್ಕೆ ಸುಮಾರು 5 ಯೂನಿಟ್ ತಿನ್ನುತ್ತದೆ ಎಂದುಕೊಳ್ಳೋಣ. ತಿಂಗಳಿಗೆ 150. ಫ್ಯಾನು, ಫ್ರಿಜ್ಜು, ದೀಪ ಸೇರಿ 45. ಒಟ್ಟು 195. ಗೆರೆಯ ಈಚೆಗೇ ಇದ್ದೀರಿ. ಅದೇ ಎಸಿಯ ಹೊರಪೆಟ್ಟಿಗೆ ಸಂದಿನಲ್ಲಿ ಉಸಿರು ಕಟ್ಟಿ ನೂರಕ್ಕೆ ಹದಿನೈದು ಹೆಚ್ಚು ತಿಂದರೆ ಇಪ್ಪತ್ತಕ್ಕೂ ಹೆಚ್ಚು ಯೂನಿಟ್ ಸೇರುತ್ತದೆ. 195 ಹೋಗಿ 217 ಆಗುತ್ತದೆ. ಗೆರೆ ದಾಟಿತು. ಸಣ್ಣದೆಂದುಕೊಂಡ ಅಂಕಿ ಇಡೀ ತಿಂಗಳ ಬಿಲ್ಲನ್ನು ತಂದಿತು. ಕರೆಂಟಿನ ಮಾತು ಬಂದದ್ದರಿಂದ ಸುರಕ್ಷತೆಯ ಒಂದೆರಡು ಮಾತು. ಎಸಿಗೆ ಬೇರೆಯೇ ವೈರು, ಬೇರೆಯೇ ಎಂಸಿಬಿ ಇರಲಿ. ಫ್ಯಾನಿನ ವೈರಿನಿಂದ ಕವಲು ಎಳೆಯಬೇಡಿ. ಅರ್ಥಿಂಗ್ ಮರೆಯಬೇಡಿ. ನಮ್ಮ ಎತ್ತರದ ಕಲ್ಲುನೆಲ ಬೇಸಿಗೆಯಲ್ಲಿ ಒಣಗುತ್ತದೆ. ಒಣ ನೆಲ ಕರೆಂಟನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಎಸಿ ಹೆಚ್ಚು ನಡೆಯುವುದೂ ಆಗಲೇ. ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಿ.

ಈಗ ಕೊನೆಯ ಸುತ್ತಿಗೆ ಬಂದೆವು. ಗಾಳಿಗೆ ಜಾಗ, ಕೈಗೆ ಜಾಗ, ಪೈಪಿನೊಳಗೆ ಶುದ್ಧಿ, ಇವೆಲ್ಲ ನಮ್ಮ ಮನೆಯ ಲಾಭದ ಮಾತುಗಳು. ಆದರೆ ಆ ಆರೂವರೆ ಕಿಲೋವಾಟ್ ಬಿಸಿ ನಮ್ಮ ಗೋಡೆ ದಾಟಿ ಎಲ್ಲಿಗೆ ಹೋಯಿತು? ನನ್ನ ಗೋಡೆ, ನನ್ನ ಯಂತ್ರ, ಗಾಳಿ ಯಾರಪ್ಪನ ಸೊತ್ತು, ಎಂದು ಕೇಳಬಹುದು. ಗಾಳಿ ಯಾರ ಸೊತ್ತೂ ಅಲ್ಲ ಎಂಬುದೇ ಇಲ್ಲಿಯ ಕಷ್ಟ. ಓಣಿಯ ಆಚೆ ಕೂಲರನ್ನೇ ನಂಬಿದ ಮನೆ ಇರುತ್ತದೆ. ಕಿಟಕಿ ತೆರೆದು ಮಲಗುವ ಅಜ್ಜಿ ಇರುತ್ತಾಳೆ. ಪತ್ರಾದ ಮಾಡಿನಡಿ ಕೂಸಿಗೆ ಗಾಳಿ ಹಾಕುವ ತಾಯಿ ಇರುತ್ತಾಳೆ. ಅವರ ಕಿಟಕಿಗೆ ಮುಖ ಮಾಡಿ ಫ್ಯಾನು ಕೂರಿಸಿದರೆ, ನಮ್ಮ ನಿದ್ದೆಯ ಬೆಲೆಯನ್ನು ಅವರು ತೆರುತ್ತಾರೆ. ಒಂದು ಯಂತ್ರದಿಂದ ಊರು ಕಾಯುತ್ತದೆಯೇ ಎಂದರೆ, ಒಂದರಿಂದ ಇಲ್ಲ. ಆದರೆ ಯಾವ ಊರಲ್ಲೂ ಒಂದೇ ಇರುವುದಿಲ್ಲ. ಅಮೆರಿಕದ ಫೀನಿಕ್ಸ್ ನಮ್ಮ ಬೇಸಿಗೆಯಂತೆಯೇ ಒಣ ಸೆಖೆಯ ನಗರ. ಅಲ್ಲಿಯ ಎಸಿಗಳು ಚೆಲ್ಲುವ ಬಿಸಿಯನ್ನು ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿ 2014ರಲ್ಲಿ ಪ್ರಕಟಿಸಿದರು. ನಗರದ ಕೆಲವು ಭಾಗಗಳಲ್ಲಿ ರಾತ್ರಿಯ ಗಾಳಿ ಅದರಿಂದಲೇ ಒಂದು ಡಿಗ್ರಿಗಿಂತ ಹೆಚ್ಚು ಬಿಸಿಯಾಗುತ್ತಿತ್ತು. ಬೀದರಿಗೆ ದೊಡ್ಡ ವರವೆಂದರೆ ಅದರ ಎತ್ತರ. ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲಿದೆ. ಹಗಲು ಎಷ್ಟೇ ಕಾದರೂ ಸರಿರಾತ್ರಿ ದಾಟಿದ ಮೇಲೆ ಗಾಳಿ ಹಗುರಾಗುತ್ತದೆ. ಆ ವರವನ್ನು ನಾವೇ ಕೈಯಾರೆ ಕಳೆದುಕೊಳ್ಳಬಾರದು. ಹೊರಪೆಟ್ಟಿಗೆಯ ಮುಖ ಬಯಲಿಗೆ, ಮೇಲಕ್ಕೆ, ರಸ್ತೆಯ ತಲೆಯ ಮೇಲಿನ ಗಾಳಿಗೆ ಇರಲಿ. ಅಚ್ಚರಿಯೆಂದರೆ, ನೆರೆಯವರಿಗೆ ಒಳ್ಳೆಯದಾದ ಜಾಗವೇ ಯಂತ್ರಕ್ಕೂ ಒಳ್ಳೆಯದು. ಇಬ್ಬರಿಗೂ ಬೇಕಾದದ್ದು ಬಯಲು.

ಕೂಲರಿನ ಮಾತು ಬಂತು. ಎಸಿಯೇ ಯಾಕೆ, ಕೂಲರು ಸಾಲದೇ, ಎಂಬುದು ನಾನು ಗೌರವಿಸುವ ಆಕ್ಷೇಪ. ನಮ್ಮ ಏಪ್ರಿಲ್ ಮೇ ತಿಂಗಳ ಗಾಳಿ ಒಣ. ಒಣ ಗಾಳಿಯಲ್ಲಿ ನೀರು ಬೇಗ ಆರುತ್ತದೆ, ಆರುವಾಗ ತಂಪಾಗುತ್ತದೆ. ಕೂಲರು ತಿನ್ನುವ ಕರೆಂಟು ಎಸಿಯ ಏಳೆಂಟರಲ್ಲಿ ಒಂದು ಪಾಲು. ಅದು ಹೊರಗೆ ಬೆಂಕಿ ಚೆಲ್ಲುವುದಿಲ್ಲ. ಹಲವು ಮನೆಗಳಿಗೆ ಅದು ಸಾಕು, ಸಾಕಾದವರು ಅದರಲ್ಲೇ ಇರಲಿ. ಆದರೆ ಅದಕ್ಕೆ ದಿನಕ್ಕೆ ಹತ್ತಾರು ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ನೀರಿನ ಕಷ್ಟ ಯಾರಿಗೆ ಗೊತ್ತಿಲ್ಲ? ಮುಂಗಾರು ಹತ್ತಿರವಾಗಿ ಗಾಳಿಯಲ್ಲಿ ತೇವ ಬಂದ ಮೇಲೆ ಕೂಲರಿನ ಆಟ ನಡೆಯುವುದಿಲ್ಲ. ಮುದುಕರು, ರೋಗಿಗಳು, ಬಾಣಂತಿಯರು ಇರುವ ಮನೆಗೆ ಎಸಿ ಸುಖದ ವಸ್ತುವಾಗಿ ಉಳಿದಿಲ್ಲ. ಬೇಕಾದವರು ಹಾಕಿಸಲಿ. ನನ್ನ ಬಿನ್ನಹ ಹಾಕಿಸುವ ರೀತಿಯ ಬಗ್ಗೆ ಮಾತ್ರ.

ಕೇಳುಗರೇ, ಸಮಯ ಮುಗಿಯುತ್ತ ಬಂತು. ಹೇಳಿದ್ದನ್ನು ಕೂಡಿಸುತ್ತೇನೆ. ಹೊರಪೆಟ್ಟಿಗೆ ಬಿಸಿಯನ್ನು ಗಾಳಿಗೆ ಕೊಡುವ ಯಂತ್ರ. ಅದಕ್ಕೆ ನೆರಳಿಗಿಂತ ಗಾಳಿ ಮುಖ್ಯ. ಸುತ್ತ ಜಾಗ ಬಿಡಿ, ಬೇಕಾದರೆ ಪೈಪು ಉದ್ದ ಮಾಡಿ. ಕೈಗೆ ಸಿಗುವಲ್ಲಿ ಇಡಿ. ಪೈಪಿನೊಳಗಿನ ಗಾಳಿಯನ್ನು ಪಂಪಿನಿಂದ ತೆಗೆಸಿ. ಫ್ಯಾನಿನ ಮುಖ ಯಾರ ಕಿಟಕಿಗೂ ಬೇಡ. ಮನೆಯಲ್ಲಿ ಈಗಾಗಲೇ ಎಸಿ ಇದ್ದವರಿಗೆ ಒಂದು ಪರೀಕ್ಷೆ ಹೇಳುತ್ತೇನೆ. ಮಧ್ಯಾಹ್ನ ಎಸಿ ಶುರು ಮಾಡಿ ಅರ್ಧ ಗಂಟೆ ಬಿಡಿ. ಕೋಣೆಯ ಬಿಸಿ ಅಳೆಯುವ ಒಂದು ಸಾದಾ ಥರ್ಮಾಮೀಟರ್ ತನ್ನಿ. ಮೊದಲು ಅಂಗಳದ ಬಯಲಲ್ಲಿ, ನೆರಳಿನಲ್ಲಿ ಹಿಡಿದು ಅಂಕಿ ನೋಡಿ. ಆಮೇಲೆ ಹೊರಪೆಟ್ಟಿಗೆಯ ಬೆನ್ನಿನ ಹತ್ತಿರ, ಬಿಸಿಲು ಬೀಳದಂತೆ ಮರೆಮಾಡಿ ಹಿಡಿಯಿರಿ. ಎಲೆಗಳಿಗೆ ತಾಗಿಸಬೇಡಿ. ಎರಡೂ ಹೆಚ್ಚುಕಡಿಮೆ ಒಂದೇ ಇದ್ದರೆ ನಿಮ್ಮ ಯಂತ್ರ ಸರಿಯಾಗಿ ಉಸಿರಾಡುತ್ತಿದೆ. ಬೆನ್ನಿನ ಕಡೆ ಎರಡು ಮೂರು ಡಿಗ್ರಿ ಹೆಚ್ಚಿದ್ದರೆ ಅದು ತಾನು ಬಿಟ್ಟ ಉಸಿರನ್ನೇ ಎಳೆದುಕೊಳ್ಳುತ್ತಿದೆ. ಆಗ ಹೊಸ ಎಸಿಯ ಯೋಚನೆ ಮಾಡಬೇಡಿ. ಮುಂದಿರುವ ಜಾಲಿ ತೆಗೆಯಿರಿ, ಬಾಲ್ಕನಿಯ ಗಾಜು ಸರಿಸಿ, ಅಥವಾ ಪೆಟ್ಟಿಗೆಯನ್ನು ಮಾಳಿಗೆಗೆ ಏರಿಸಿ. ಆಮೇಲೆ ಮತ್ತೊಮ್ಮೆ ಅಳೆದು ನೋಡಿ.